ಅರವತ್ತು ನಿಮಿಷದ ಚೀಟಿ

ದಾವಲಸಾಬ ಪಿಂಜಾರ ಸತ್ತ ಹನ್ನೊಂದನೆಯ ದಿನ ಅವನ ಹೆಂಡತಿ ಮಾಬೂಬಿ ಇಳಕಲ್ಲಿನಿಂದ ಮೊದಲ ಬಸ್ಸು ಹತ್ತಿ ಬಾಗಲಕೋಟೆಯ ತಾಪ ಕೇಂದ್ರಕ್ಕೆ ಬಂದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಕದಲಬಾರದು ಎಂದು ಓಣಿಯ ಹಿರಿಯರು ತಡೆದಿದ್ದರು. "ಸತ್ತವನ ಹೆಸರಿನ ಮುಂದ ಕಳ್ಳ ಅಂತ ಬರದಾರ. ಅದನ್ನ ಅಳಿಸಿ ಬಂದು ಕೂಡತೀನಿ" ಎಂದು ಹೇಳಿ ಅವಳು ಹೊಸ್ತಿಲು ದಾಟಿದ್ದಳು.

ದೂರು ವಿಭಾಗದ ಕಿಟಕಿಯಲ್ಲಿ ಕೂತಿದ್ದವಳು ಚಂಪಾವತಿ ಪತ್ತಾರ. ಐವತ್ತೊಂದು ವರ್ಷದ ತಂತ್ರಜ್ಞೆ. ಕೇಂದ್ರದ ಕಂಪ್ಯೂಟರುಗಳು, ಅದರಲ್ಲೂ ಚೀಟಿ ತಯಾರಿಸುವ ಸಾಫ್ಟ್‌ವೇರು, ಅವಳ ಜವಾಬ್ದಾರಿ.

ಏಪ್ರಿಲ್ ತಿಂಗಳ ಬಿಸಿಲು ನಲವತ್ತೊಂಬತ್ತು ಡಿಗ್ರಿ ದಾಟುವುದು ಮಾಮೂಲಾದ ಮೇಲೆ ಸರಕಾರ ತಾಪ ಕಾಯ್ದೆ ತಂದಿತ್ತು. ಬಯಲಲ್ಲಿ ದುಡಿಯುವ ಪ್ರತಿಯೊಬ್ಬರ ತೋಳಿಗೂ ಒಂದು ಪಟ್ಟಿ. ಅವರು ಮಲಗಿದ್ದಾಗ ಅದು ನಾಡಿ, ಬೆವರು, ಮೈಯ ಕಾವು ಅಳೆದು ಕೇಂದ್ರಕ್ಕೆ ಕಳಿಸುತ್ತಿತ್ತು. ಮರುದಿನ ಯಾರು ಎಷ್ಟು ನಿಮಿಷ ಬಿಸಿಲಿನಲ್ಲಿ ನಿಲ್ಲಬಹುದೆಂದು ಕೇಂದ್ರದ ಯಂತ್ರ ಲೆಕ್ಕ ಹಾಕಿ, ಬೆಳಗಿನ ಐದಕ್ಕೆ ಅವರವರ ಫೋನಿಗೆ ಬಿಸಿಲ ಚೀಟಿ ಕಳಿಸುತ್ತಿತ್ತು. ಬರೀ ಅಕ್ಷರದ ಸಂದೇಶವಾದರೆ ಗುತ್ತಿಗೆದಾರರು ಅಂಕಿ ತಿದ್ದಿ ಆಳುಗಳನ್ನು ಬಿಸಿಲಿಗಟ್ಟುತ್ತಾರೆ ಎಂಬ ಭಯವಿತ್ತು. ಹಾಗಾಗಿ ಚೀಟಿ ಚಿತ್ರದ ರೂಪದಲ್ಲೇ ಇರಬೇಕೆಂದು ಕಾಯ್ದೆ ಹೇಳಿತು. ಅದಕ್ಕೆ ಬಳಕೆಯಾದದ್ದು ಕಾಗದವಿಲ್ಲದ ಪ್ರಿಂಟರು. ಕಂಪ್ಯೂಟರಿನ ಪ್ರಿಂಟರುಗಳ ಪಟ್ಟಿಯಲ್ಲಿ ಅದರ ಹೆಸರೂ ಇರುತ್ತದೆ, ಆದರೆ ಮುಟ್ಟಿ ನೋಡಲು ಯಂತ್ರವಿಲ್ಲ, ಮಸಿಯಿಲ್ಲ. ಪ್ರಿಂಟ್ ಒತ್ತಿದರೆ ಹಾಳೆಯ ಬದಲು ಚಿತ್ರದ ಫೈಲು ಹೊರಗೆ ಬರುತ್ತದೆ. ಕೇಂದ್ರದವರು ಅದನ್ನು ಹುಸಿ ಪ್ರಿಂಟರು ಎನ್ನುತ್ತಿದ್ದರು.

ಮಾಬೂಬಿ ಗಂಡನ ಫೋನನ್ನು ಕಿಟಕಿಯೊಳಗೆ ಸರಿಸಿದಳು. ಚೀಟಿಯಲ್ಲಿ ದಾವಲಸಾಬನ ಹೆಸರು, ಕಲ್ಲುಗಣಿಯ ಹೆಸರು, ಕೆಳಗೆ ೯೦ ನಿಮಿಷ ಎಂದಿತ್ತು.

"ಎಂಬತ್ತೆರಡನೇ ನಿಮಿಷಕ್ಕ ಬಿದ್ದಾರ್ರಿ. ಗಡಿಯಾರ ನೋಡಿಕೋತನ ಇದ್ರಂತ. ಇನ್ನ ಎಂಟು ನಿಮಿಷ ಐತಿ, ಈ ಒಂದು ತೂತು ಕೊರದು ನೆರಳಿಗೆ ಬರತೀನಿ ಅಂದಿದ್ರಂತ. ನಿಮ್ಮವರು ಈಗ ಏನಂತಾರ, ಅವನಿಗೆ ಕೊಟ್ಟಿದ್ದು ಅರವತ್ತು, ಅವನ ತೊಂಬತ್ತು ಅಂತ ತಿದ್ದಿಕೊಂಡಾನ ಅಂತಾರ."

ಚಂಪಾವತಿ ದಾಖಲೆ ತೆರೆದಳು. ಕೇಂದ್ರದ ಲೆಕ್ಕದಲ್ಲಿ ದಾವಲಸಾಬನ ಆ ದಿನದ ಮಿತಿ ೬೦ ಎಂದೇ ಇತ್ತು. ಪಕ್ಕದಲ್ಲಿ ಕೆಂಪು ಗೆರೆ: ಚೀಟಿ ತಿದ್ದಿದವನು. ಅದರ ಶಿಕ್ಷೆ ಸತ್ತವನಿಗೆ ಮುಗಿಯುವಂಥದಲ್ಲ. ಅವನ ಮನೆಯ ಯಾರಿಗೂ ಮೂರು ವರ್ಷ ಬಿಸಿಲ ಚೀಟಿ ಸಿಗುವುದಿಲ್ಲ. ಚೀಟಿ ಇಲ್ಲದವರು ಬಯಲಲ್ಲಿ ಕೆಲಸ ಮಾಡುವಂತಿಲ್ಲ. ಮಾಬೂಬಿಯೂ ಅದೇ ಗಣಿಯಲ್ಲಿ ಜಲ್ಲಿ ಆರಿಸುವವಳು.

"ನಿನ್ನ ಗಂಡಗ ಫೋನಿನ ಕೆಲಸ ಚಲೋ ಬರತಿತ್ತೇನು ತಂಗೀ?" ಎಂದು ಚಂಪಾವತಿ ಕೇಳಿದಳು. ಕೇಳಿದ ಮೇಲೆ, ಕೇಳಬಾರದಿತ್ತು ಅನ್ನಿಸಿತು.

"ನನಗ ಫೋನ್ ಹಚ್ಚಬೇಕಾದ್ರ ಮಗ್ಗಲಿನವರ ಕೈಯಾಗ ಕೊಡತಿದ್ರು" ಎಂದಳು ಮಾಬೂಬಿ. "ಇಂಥವ ಚಿತ್ರ ತಿದ್ದತಾನಂತ ನೀವ ಹೇಳ್ರಿ ಬಾಯಾರ. ನಾ ಇಲ್ಲೇ ಕುಂತಿರತೀನಿ."

ಹಾಗೆಯೇ ಮಾಡಿದಳು. ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂತವಳು ಏಳಲಿಲ್ಲ. ಕಾವಲುಗಾರ ಎರಡು ಸಲ ಬಂದು ಗದರಿಸಿದ. ಮೂರನೆಯ ಸಲ ನೀರು ತಂದುಕೊಟ್ಟ.

ಚಂಪಾವತಿ ಹುಸಿ ಪ್ರಿಂಟರನ್ನು ಪರೀಕ್ಷಿಸತೊಡಗಿದಳು. ದಾವಲಸಾಬನ ಆ ದಿನದ ಚೀಟಿಯನ್ನು ಮತ್ತೆ ಪ್ರಿಂಟಿಗೆ ಕೊಟ್ಟಳು. ೬೦ ಬಂತು. ಪ್ರಿಂಟರು ನಡೆಸುವ ಡ್ರೈವರ್ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿ ನೋಡಿದಳು. ೬೦. ಪ್ರಿಂಟಿನ ಸರದಿ ನಿಲ್ಲಿಸಿ, ಖಾಲಿ ಮಾಡಿ, ಮತ್ತೆ ಶುರು ಮಾಡಿದಳು. ೬೦. ಅಕ್ಷರಗಳ ಫಾಂಟು ಬದಲಾಗಿದೆಯೇ ನೋಡಿದಳು. ಎಲ್ಲವೂ ಸರಿಯಾಗಿತ್ತು. ಯಂತ್ರ ಸರಿಯಾಗಿದ್ದರೆ ತಪ್ಪು ಮನುಷ್ಯನದು ಎಂದು ಬರೆದು ದೂರು ಮುಗಿಸುವುದು ಕೇಂದ್ರದ ರೂಢಿ. ಅದಕ್ಕೊಂದು ಗುಂಡಿಯೇ ಇತ್ತು: ಬಳಕೆದಾರರ ದೋಷ.

ಅವಳು ಆ ಗುಂಡಿ ಒತ್ತುವ ಮೊದಲು ಹಳೆಯ ದೂರುಗಳನ್ನು ತೆಗೆದು ನೋಡಿದಳು. ಎರಡು ತಿಂಗಳಲ್ಲಿ ಅದೇ ಗಣಿಯಿಂದ ಹದಿನಾಲ್ಕು ದೂರು ಬಂದಿದ್ದವು. ಹದಿನಾಲ್ಕೂ ಬಳಕೆದಾರರ ದೋಷ. ಅವುಗಳಲ್ಲಿ ಐದನ್ನು ಮುಚ್ಚಿದವಳು ಸ್ವತಃ ಅವಳೇ. ಒಂದು ದೂರು ದುರಗವ್ವ ಒಡ್ಡರ ಎಂಬವಳದು: "ನನಗ ದಿನಾ ತೊಂಬತ್ತು ಬರತಿತ್ತು, ಇವತ್ತ ಅರವತ್ತ ಬಂದೈತಿ." ಚಂಪಾವತಿ ಅಂದು ದುರಗವ್ವನ ಚೀಟಿಯೊಂದನ್ನೇ ಮತ್ತೆ ಪ್ರಿಂಟಿಗೆ ಕೊಟ್ಟಿದ್ದಳು. ೯೦ ಬಂದಿತ್ತು. ಓದುವಾಗ ಎಡವಿದ್ದೀರಿ ಎಂದು ಉತ್ತರ ಬರೆದು ಮುಚ್ಚಿದ್ದಳು.

ಹೆಚ್ಚು ನಿಮಿಷ ಬೇಕೆಂದು ಚೀಟಿ ತಿದ್ದುವವರು ಇದ್ದಾರು. ಕಡಿಮೆ ನಿಮಿಷಕ್ಕೆ ಯಾರು ತಿದ್ದುತ್ತಾರೆ? ಈ ಪ್ರಶ್ನೆ ಅವಳಿಗೆ ಅಂದು ಹೊಳೆದಿರಲಿಲ್ಲ. ಇಂದು ಹೊಳೆದಾಗ ಅವಳು ಆ ದೂರಿನ ತಾರೀಕು ನೋಡಿದಳು. ದುರಗವ್ವನ ದೂರು ಬಂದದ್ದು ದಾವಲಸಾಬ ಸಾಯುವುದಕ್ಕೆ ಇಪ್ಪತ್ತು ದಿನ ಮೊದಲು.

ಸಂಜೆ ಅವಳು ಮಾಬೂಬಿಯನ್ನು ಮನೆಗೆ ಕರೆದುಕೊಂಡು ಹೋದಳು. "ಬೆಂಚು ನಾಳೆನೂ ಇಲ್ಲೇ ಇರತೈತಿ. ಇವತ್ತ ನಮ್ಮನ್ಯಾಗ ರೊಟ್ಟಿ ತಿನ್ನು" ಎಂದಳು.

ಚಂಪಾವತಿಯ ಗಂಡ ಮೌನೇಶ ಪಾತ್ರೆಗಳ ಮೇಲೆ ಹೆಸರು ಹಾಕುವವನು. ಪಡಸಾಲೆಯೇ ಅವನ ಅಂಗಡಿ. ಮದುವೆಗೆ ಕೊಡುವ ಸ್ಟೀಲು ಕೊಡ, ತಾಟು, ಡಬ್ಬಿಗಳ ಮೇಲೆ ಚುಕ್ಕಿ ಹೊಡೆಯುವ ಸಣ್ಣ ಯಂತ್ರದಿಂದ ಟರ್ ಎಂದು ಅಕ್ಷರ ಬಿಡಿಸುತ್ತಿದ್ದ. ಮಾಬೂಬಿ ಊಟಕ್ಕೆ ಕೂತು ಆ ಕೆಲಸವನ್ನೇ ನೋಡುತ್ತಿದ್ದಳು. ಒಂದು ಪುಟ್ಟ ಕುಂಕುಮದ ಡಬ್ಬಿಯ ಮೇಲೆ ಅವನು ತಾರೀಕು ಹಾಕುತ್ತಿದ್ದ.

"ಇದೇನಣ್ಣಾ, ಆರ ಇದು, ಒಂಬತ್ತ?" ಎಂದು ಅವಳು ಕೇಳಿದಳು.

ಮೌನೇಶ ಡಬ್ಬಿಯನ್ನು ಬೆಳಕಿಗೆ ಹಿಡಿದ. "ಒಂಬತ್ತು. ನೀ ಕೇಳಿದ್ದರಾಗ ತಪ್ಪಿಲ್ಲವ್ವ. ಎರಡಕ್ಕೂ ಮೈ ಒಂದ. ಬಾಲ ತಿರಗೋದಷ್ಟ ಬ್ಯಾರೆ. ದೊಡ್ಡ ಕೊಡದ ಮ್ಯಾಲಾದ್ರ ಬಾಲಕ್ಕ ಹತ್ತು ಚುಕ್ಕಿ ಸಿಗತಾವು. ಇಷ್ಟ ಸಣ್ಣ ಡಬ್ಬಿ ಮ್ಯಾಲ ಎರಡ ಚುಕ್ಕಿ. ಅದರಾಗ ಒಂದು ಆಕಡೆ ಈಕಡೆ ಬಿತ್ತಂದ್ರ ಆರು ಒಂಬತ್ತಾಗತೈತಿ."

ಚಂಪಾವತಿ ರೊಟ್ಟಿಯನ್ನು ತಾಟಿಗಿಟ್ಟಳು. ಹುಸಿ ಪ್ರಿಂಟರು ಬಿಡಿಸುವುದೂ ಚುಕ್ಕಿಗಳನ್ನೇ. ಫೆಬ್ರುವರಿಯಲ್ಲಿ ಕೇಂದ್ರ ಚೀಟಿಯ ಅಕ್ಷರಗಳನ್ನು ಚಿಕ್ಕದು ಮಾಡಿತ್ತು. ಕೆಳಗೆ ಇನ್ನೊಂದು ಸಾಲಿಗೆ ಜಾಗ ಬೇಕಿತ್ತು: ಆಗಾಗ ನೀರು ಕುಡಿಯಿರಿ, ಜೀವ ಉಳಿಸಿಕೊಳ್ಳಿ.

ಆದರೂ ಒಂದು ತೊಡಕಿತ್ತು. ಅಂಕಿ ಚಿಕ್ಕದಾದದ್ದೇ ಕಾರಣವಾದರೆ ಬಿಡಿ ಚೀಟಿಯಲ್ಲೂ ತಪ್ಪು ಕಾಣಬೇಕಿತ್ತು. ಕಂಡಿರಲಿಲ್ಲ. ಬೆಳಗಿನ ಚೀಟಿಗೂ ತಾನು ಮಾಡಿದ ಪರೀಕ್ಷೆಗೂ ಏನು ವ್ಯತ್ಯಾಸ ಎಂದು ಅವಳು ಯೋಚಿಸಿದಳು. ಬೆಳಗಿನದು ಒಂದು ಚೀಟಿಯಲ್ಲ, ಇಡೀ ಗಣಿಯ ಇನ್ನೂರ ನಲವತ್ತು ಚೀಟಿಗಳ ಕಟ್ಟು.

ಮರುದಿನ ಆಫೀಸು ತೆರೆಯುತ್ತಿದ್ದಂತೆ ಅವಳು ದಾವಲಸಾಬ ಸತ್ತ ದಿನದ ಸರದಿ ಪಟ್ಟಿಯನ್ನು ಹುಡುಕಿ ತೆಗೆದಳು. ಕಳಿಸಿದ ಚಿತ್ರಗಳನ್ನು ಕೇಂದ್ರ ಏಳು ದಿನಕ್ಕೆ ಅಳಿಸಿಬಿಡುತ್ತಿತ್ತು, ಸರದಿ ಪಟ್ಟಿ ಮಾತ್ರ ಉಳಿಯುತ್ತಿತ್ತು. ಇನ್ನೂರ ನಲವತ್ತು ಹೆಸರುಗಳನ್ನು ಅಂದಿನ ಕ್ರಮದಲ್ಲೇ ಜೋಡಿಸಿ ಪ್ರಿಂಟ್ ಒತ್ತಿದಳು. ಮಾಬೂಬಿ ಬೆಂಚಿನಿಂದೆದ್ದು ಬಂದು ಅವಳ ಹೆಗಲ ಹಿಂದೆ ನಿಂತಳು. ಕಾವಲುಗಾರ ತಡೆಯಲಿಲ್ಲ.

ನೂರಾ ಹದಿನೇಳನೆಯ ಚೀಟಿ ದಾವಲಸಾಬನದು. ೯೦ ನಿಮಿಷ.

ಮಾಬೂಬಿ ಪರದೆಯ ಮೇಲೆ ಗಂಡನ ಹೆಸರಿದ್ದಲ್ಲಿ ಬೆರಳಿಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

ಸೆಟ್ಟಿಂಗ್ಸಿನ ಒಳಪುಟಗಳಲ್ಲಿ ಚಂಪಾವತಿಗೆ ಕಾರಣ ಸಿಕ್ಕಿತು. ಹಗುರ ಚಿತ್ರ ಎಂಬ ಒಂದು ಆಯ್ಕೆಗೆ ಗುರುತು ಬಿದ್ದಿತ್ತು. ನೂರಕ್ಕಿಂತ ಹೆಚ್ಚು ಹಾಳೆಗಳ ಕಟ್ಟು ಬಂದರೆ ಸಾಫ್ಟ್‌ವೇರು ಪ್ರತಿ ಅಕ್ಷರವನ್ನೂ ಹೊಸದಾಗಿ ಬಿಡಿಸುವುದಿಲ್ಲ. ಮೊದಲು ಕಂಡ ಆಕಾರದ ಅಚ್ಚೊಂದನ್ನು ಇಟ್ಟುಕೊಳ್ಳುತ್ತದೆ, ಮುಂದೆ ಅದರಂಥದೇ ಬಂದಾಗ ಅದೇ ಅಚ್ಚು ಒತ್ತುತ್ತದೆ. ಫೈಲು ಹಗುರವಾಗುತ್ತದೆ, ಬೇಗ ತಲುಪುತ್ತದೆ. ಚಿಕ್ಕ ಅಕ್ಷರದಲ್ಲಿ, ಚುಕ್ಕಿ ಅತ್ತಿತ್ತ ಬಿದ್ದ ಆರನ್ನು ಅದು ಒಂಬತ್ತರಂಥದೇ ಎಂದು ತಿಳಿಯುತ್ತಿತ್ತು. ಎಲ್ಲ ಆರುಗಳನ್ನಲ್ಲ, ಕೆಲವನ್ನು. ಕೆಲವು ದಿನ ಒಂಬತ್ತನ್ನು ಆರೆಂದು. ತಪ್ಪಾದ ಅಂಕಿ ಮಸುಕಾಗಿಯೂ ಇರುತ್ತಿರಲಿಲ್ಲ. ಅಚ್ಚುಕಟ್ಟಾಗಿ, ಸ್ಪಷ್ಟವಾಗಿ ಮೂಡುತ್ತಿತ್ತು.

ಕೇಂದ್ರದ ಮುಖ್ಯಾಧಿಕಾರಿ ಸುಧಾಕರ ಗಲಗಲಿ ವರದಿಯನ್ನು ಎರಡು ಸಲ ಓದಿದರು. ಕೆಟ್ಟ ಮನುಷ್ಯನಲ್ಲ. ನಿವೃತ್ತಿಗೆ ಹದಿಮೂರು ತಿಂಗಳಿದ್ದವು.

"ಇದು ನಮ್ಮ ಒಂದ ಕೇಂದ್ರದ ಮಾತಲ್ಲ ಚಂಪಾವತಿಯವರ. ಇದ ಸಾಫ್ಟ್‌ವೇರು ಎಲ್ಲಾ ಜಿಲ್ಲಾದಾಗ ಐತಿ. ಬ್ಯಾಸಗಿ ನಡಬರಕ ನಾವು ಚೀಟಿನ ತಪ್ಪು ಅಂದ್ರ ಮಂದಿ ಏನ ಮಾಡಬೇಕು? ನಾ ಕಂಪನಿಯವರಿಗೆ ಹೇಳತೀನಿ. ಸದ್ದಿಲ್ಲದ ಇಂಗ್ಲಿಷ್ ಅಂಕಿ ಹಾಕಿಸಿಬಿಡೂಣು."

"ಇಂಗ್ಲಿಷಿನ್ಯಾಗ ಆರು, ಎಂಟು ನೋಡ್ರಿ ಸರ್. ಅವೂ ಸಣ್ಣದಾದ್ರ ಹಿಂಗ ಮಾಡತಾವು. ತಪ್ಪು ಅಂಕಿದಲ್ಲ, ಅಚ್ಚಿಂದು. ಆ ಗುರುತು ತಗದ್ರ ಮುಗೀತು."

"ತಗದ್ರ ಚೀಟಿ ಐದಕ್ಕ ಮುಟ್ಟಂಗಿಲ್ಲ. ಮುಕ್ಕಾಲು ತಾಸು ತಡಾ ಆಗತೈತಿ."

"ಆಗಲಿ. ಮತ್ತ ಈ ಹದಿನಾಲ್ಕು ಮಂದಿ?"

ಗಲಗಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದದ್ದು ಹೋತು. ಅವನ್ನ ಮತ್ತ ತಗದ್ರ ಮೂರು ಸಾವಿಗೆ ಕೇಂದ್ರ ಉತ್ತರಾ ಕೊಡಬೇಕಾಗತೈತಿ. ಪಿಂಜಾರನ ದೂರು ಮುಚ್ಚಿಬಿಡ್ರಿ. ನಿಮ್ಮ ಸಹಿ ಸಾಕು."

ಅಲ್ಲಿಯವರೆಗೆ ಚಂಪಾವತಿಗೆ ಸತ್ತವರು ಮೂವರೆಂದು ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳ ನೌಕರಿಯಲ್ಲಿ ಅವಳು ಮೇಲಧಿಕಾರಿಗೆ ಎದುರಾಡಿದವಳಲ್ಲ.

"ನಾ ಐದು ಮುಚ್ಚೀನ್ರಿ ಸರ್" ಎಂದಳು. "ಆರನೇದಕ್ಕ ನನ್ನ ಕೈ ಏಳಂಗಿಲ್ಲ. ಬಳಕೆದಾರರ ದೋಷ ಅಂತ ನಾ ಬರಿಯಂಗಿಲ್ಲ. ಯಾರು ಬರೀತಾರೋ ಅವರ ಹೆಸರು ಕೆಳಗ ಇರಲಿ."

ಅಂದು ಮಧ್ಯಾಹ್ನ ಅವಳ ಲಾಗಿನ್ ನಿಂತುಹೋಯಿತು. ಪರದೆಯ ಮೇಲೆ ಪ್ರವೇಶವಿಲ್ಲ ಎಂದು ಬಂದಾಗ ಅವಳು ಬುತ್ತಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡಳು. ವರದಿಯ ಒಂದು ಪ್ರತಿ ಅವಳ ಬಳಿ ಇತ್ತು. ಕಿಟಕಿಯಿಂದ ಹೊರಬಂದು ಮಾಬೂಬಿಯ ಬೆಂಚಿನ ಹತ್ತಿರ ನಿಂತಳು.

"ನಿಮ್ಮ ಖಣಿಗೆ ಹೋಗೂಣು ನಡಿ. ಈ ಮಾತು ಅವರಿಗೆ ಗೊತ್ತಾಗಬೇಕು."

"ನಿಮ್ಮ ನೌಕರಿ?"

"ಅದನ್ನ ಆಮ್ಯಾಲ ನೋಡಿದ್ರಾತು."

ಮರುದಿನ ಬೆಳಕು ಹರಿಯುವಾಗ ಇಬ್ಬರೂ ಗಣಿಯ ಬಾಯಲ್ಲಿದ್ದರು. ಕೆಂಪು ಕಲ್ಲಿನ ಗೋಡೆಗಳ ನಡುವೆ ತಗಡಿನ ಚಪ್ಪರ. ಅದರಡಿ ಆಳುಗಳು ಫೋನು ಹಿಡಿದು ಅಂದಿನ ಚೀಟಿ ನೋಡಿಕೊಳ್ಳುತ್ತಿದ್ದರು. ಚಂಪಾವತಿ ಒಂದು ಕಲ್ಲಿನ ಮೇಲೆ ಸುಣ್ಣದ ತುಂಡಿನಿಂದ ದೊಡ್ಡದಾಗಿ ಆರು, ಒಂಬತ್ತು ಬರೆದಳು. ಪಕ್ಕದಲ್ಲಿ ಚಿಕ್ಕದಾಗಿ ಬರೆದಳು. ಅಚ್ಚಿನ ವಿಷಯ ಹೇಳಿದಳು. ಕೊನೆಗೆ ದುರಗವ್ವ ಯಾರು ಎಂದು ಕೇಳಿದಳು. ದಪ್ಪ ಕೈಗಳ, ನರೆತ ಕೂದಲಿನ ಹೆಂಗಸೊಬ್ಬಳು ಮುಂದೆ ಬಂದಳು.

"ನಿನಗ ಓದಾಕ ಬರಂಗಿಲ್ಲ ಅಂತ ಬರದಾಕಿ ನಾನ ಅವ್ವಾ. ಓದಾಕ ಬರಲಾರದಾಕಿ ನಾ ಆಗಿದ್ನಿ."

ದುರಗವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅವತ್ತ ಬಂದು ಹೇಳಿದ್ರ ದಾವಲಣ್ಣ ಇರತಿದ್ದ" ಎಂದಳು. ಆಮೇಲೆ ತನ್ನ ಸುತ್ತಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲೇ ಕೂತಳು. "ಈ ಚಿತ್ರ ನಂಬಿ ನಾ ಬಿಸಿಲಿಗೆ ಹೋಗಂಗಿಲ್ಲ. ನನ್ನ ಮಿತಿ ಎಷ್ಟಂತ ಬಾಯಿಲೆ ಹೇಳ್ರಿ. ಹೇಳಿದವರ ಹೆಸರೂ ಹೇಳ್ರಿ."

ಒಬ್ಬರ ಹಿಂದೊಬ್ಬರು ಕೂತರು. ಗುತ್ತಿಗೆದಾರ ಮೊದಲು ನಕ್ಕ, ಆಮೇಲೆ ಬೈದ, ಸಂಜೆಯ ಹೊತ್ತಿಗೆ ಕೇಂದ್ರಕ್ಕೆ ಫೋನು ಮಾಡಿದ. ಬಾಯಿಂದ ಹೇಳಿದ ಮಿತಿಗೆ ಕಾಯ್ದೆಯಲ್ಲಿ ಬೆಲೆಯಿಲ್ಲ ಎಂದು ಕೇಂದ್ರದಿಂದ ಉತ್ತರ ಬಂತು. "ಹಂಗಾರ ಚಿತ್ರಕ್ಕೂ ನಮ್ಮ ಕಡೆ ಬೆಲೆ ಇಲ್ಲ" ಎಂದಳು ಮಾಬೂಬಿ. ಎರಡನೆಯ ದಿನ ಪಕ್ಕದ ಎರಡು ಗಣಿಗಳೂ ನಿಂತವು. ಮೌನೇಶ ಬಸ್ಸಿನಲ್ಲಿ ಒಂದು ಗಂಟು ರೊಟ್ಟಿ ಹೊತ್ತು ತಂದ. ಹೆಂಡತಿಯ ಪಕ್ಕ ಕೂತು, "ಮನಿಗೆ ಯಾವಾಗ ಬರತಿ?" ಎಂದು ಕೇಳಿದ. "ಕೇಂದ್ರದವರು ಇಲ್ಲಿಗೆ ಬಂದ ಮ್ಯಾಲ" ಎಂದಳು. ಅವನು ತಲೆಯಾಡಿಸಿ ಚಟ್ನಿಯ ಡಬ್ಬಿ ಬಿಚ್ಚಿದ.

ಮೂರನೆಯ ದಿನ ಹತ್ತು ಗಂಟೆಗೆ ಗಲಗಲಿ ಬಂದರು. ಜೊತೆಗೆ ಸಾಫ್ಟ್‌ವೇರು ಕಂಪನಿಯ ಎಂಜಿನಿಯರು, ಕೈಯಲ್ಲಿ ಲ್ಯಾಪ್‌ಟಾಪು. ಚಪ್ಪರದಡಿ ಒಂದು ಕಲ್ಲಿನ ಮೇಲೆ ಅದನ್ನಿಟ್ಟು, ದಾವಲಸಾಬನ ಚೀಟಿಯನ್ನು ಪ್ರಿಂಟಿಗೆ ಕೊಟ್ಟು ಎಲ್ಲರಿಗೂ ತೋರಿಸಿದರು. ೬೦.

"ನೋಡಿ, ನಮ್ಮಲ್ಲಿ ಯಾವ ದೋಷವೂ ಇಲ್ಲ" ಎಂದರು ಎಂಜಿನಿಯರು.

"ನಮ್ಮನಿಯವರು ಅವತ್ತ ಒಬ್ಬರ ಕೆಲಸಕ್ಕ ಬಂದಿರಲಿಲ್ಲ" ಎಂದಳು ಮಾಬೂಬಿ. "ಇನ್ನೂರ ನಲವತ್ತು ಮಂದಿ ಬಂದಿದ್ರು. ಎಲ್ಲಾರದೂ ತಗೀರಿ. ನಾವೆಲ್ಲಾ ಇಲ್ಲೇ ಅದೀವಿ."

ಎಂಜಿನಿಯರು ಗಲಗಲಿಯವರ ಮುಖ ನೋಡಿದರು. ಗಲಗಲಿ ಸುತ್ತ ಕೂತ ಜನರನ್ನು ನೋಡಿದರು. ಆಮೇಲೆ, "ತಗೀರಿ" ಎಂದರು.

ಚಂಪಾವತಿ ತನ್ನ ಪ್ರತಿಯಲ್ಲಿದ್ದ ಸರದಿಯ ಕ್ರಮ ಹೇಳಿದಳು. ಕಟ್ಟು ಸಿದ್ಧವಾಯಿತು. ಒಂದೊಂದೇ ಚೀಟಿ ಪರದೆಯ ಮೇಲೆ ಬರುತ್ತಿದ್ದಂತೆ ಗಲಗಲಿ ಮಿತಿಯ ಅಂಕಿ ಓದಿದರು, ಚಂಪಾವತಿ ತನ್ನ ಪ್ರತಿಯಿಂದ ಕೇಂದ್ರದ ಲೆಕ್ಕದ ಅಂಕಿ ಓದಿದಳು. ಮೂವತ್ತೆಂಟನೆಯ ಚೀಟಿಯಲ್ಲಿ ಎರಡೂ ಬೇರೆಯಾದವು. ಚಪ್ಪರದಡಿ ಒಂದು ಗುಜುಗುಜು ಎದ್ದು ಅಡಗಿತು. ಐವತ್ತೊಂದನೆಯದರಲ್ಲಿ ಮತ್ತೆ. ನೂರಾ ಹದಿನೇಳನೆಯದು ಬಂದಾಗ ಗಲಗಲಿ ಓದದೆ ಪರದೆಯತ್ತ ಇನ್ನಷ್ಟು ಬಗ್ಗಿದರು.

"ಓದ್ರಿ ಸರ್" ಎಂದಳು ಚಂಪಾವತಿ.

"ತೊಂಬತ್ತು" ಎಂದರು ಅವರು.

ಕಟ್ಟು ಮುಗಿದಾಗ ಒಂಬತ್ತು ಚೀಟಿ ತಪ್ಪಾಗಿದ್ದವು. ಎಂಜಿನಿಯರು ಅಂಕಿಗಳ ಬಗ್ಗೆ, ಲಿಪಿಯ ತೊಡಕಿನ ಬಗ್ಗೆ, ಮುಂದಿನ ಆವೃತ್ತಿಯ ಬಗ್ಗೆ ಏನೋ ಹೇಳತೊಡಗಿದರು. ಗಲಗಲಿ ಅವರ ಮಾತಿನ ನಡುವೆಯೇ ಸೆಟ್ಟಿಂಗ್ಸ್ ತೆರೆಯಿಸಿ, ಹಗುರ ಚಿತ್ರದ ಮುಂದಿನ ಗುರುತು ತೆಗೆಸಿದರು. ಎಲ್ಲ ಜಿಲ್ಲೆಗಳ ಕೇಂದ್ರಗಳಿಗೂ ತಮ್ಮ ಹೆಸರಿನಲ್ಲೇ ಎಚ್ಚರಿಕೆ ಕಳಿಸಿದರು. ಚೀಟಿ ಇನ್ನು ಮುಂದೆ ಮುಕ್ಕಾಲು ತಾಸು ತಡವಾಗಿ ಬರುತ್ತದೆಂದು ಜನರಿಗೆ ಹೇಳಿದರು.

"ಅಲ್ಲೀತನಕ ನೆರಳಾಗ ಕುಂಡರತೀವಿ" ಎಂದಳು ದುರಗವ್ವ. "ಆದ್ರ ನಮಗ ಮಿತಿ ಬಾಯಿಲೆನೂ ಹೇಳಬೇಕು. ಈ ಚಪ್ಪರದಾಗ, ದಿನಾ." ಗಲಗಲಿ ಒಪ್ಪಿದರು.

ದಾವಲಸಾಬನ ಹೆಸರಿನ ಮುಂದಿನ ಕೆಂಪು ಗೆರೆಯನ್ನು ಅಲ್ಲೇ ಅಳಿಸಿದರು. ತಪ್ಪು ಕೇಂದ್ರದ್ದೆಂಬ ಪತ್ರವನ್ನು ಮಾಬೂಬಿಯ ಫೋನಿಗೆ ಕಳಿಸಲು ಎಂಜಿನಿಯರು ಪ್ರಿಂಟ್ ಒತ್ತಲು ಹೊರಟಾಗ ಅವಳು ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟಳು.

"ಇದರಾಗಿಂದು ಬ್ಯಾಡ. ಕೈಲೆ ಬರದು ಕೊಡ್ರಿ."

ಗಲಗಲಿ ಕೈಯಿಂದ ಬರೆದು ಎಷ್ಟೋ ವರ್ಷವಾಗಿತ್ತು. ಅವರ ಬಳಿ ಪೆನ್ನೂ ಇರಲಿಲ್ಲ. ಮೌನೇಶ ಕಿಸೆಯಿಂದ ತನ್ನದನ್ನು ತೆಗೆದುಕೊಟ್ಟ. ಗುತ್ತಿಗೆದಾರನ ಹಳೆಯ ಹಾಜರಿ ಪುಸ್ತಕದಿಂದ ಒಂದು ಹಾಳೆ ಸಿಕ್ಕಿತು. ಅವರು ಕಲ್ಲಿನ ಮೇಲೆ ಬಗ್ಗಿ ಕೂತು ಬರೆಯತೊಡಗಿದರು. ಅಕ್ಷರಗಳು ಸೊಟ್ಟಗಾಗುತ್ತಿದ್ದವು. ತಗಡು ಕಾದು ಹಣೆಯ ಬೆವರು ಹಾಳೆಯ ಮೇಲೆ ಬಿತ್ತು. ದಾವಲಸಾಬ ಪಿಂಜಾರ ಚೀಟಿ ತಿದ್ದಿಲ್ಲ, ಅವನ ಮಿತಿ ಅರವತ್ತು, ಕೇಂದ್ರ ಅವನಿಗೆ ತೊಂಬತ್ತೆಂದು ಕಳಿಸಿತು. ಅಂಕಿಗಳನ್ನು ಅಕ್ಷರದಲ್ಲೇ ಬರೆದರು. ಮಾಬೂಬಿ ಅದನ್ನು ಗಟ್ಟಿಯಾಗಿ ಓದಿಸಿದಳು. ಅವರು ಓದಿದರು. ಇನ್ನೂರಕ್ಕೂ ಹೆಚ್ಚು ಜನ ಕೇಳಿದರು.

ಗಲಗಲಿ ಸಹಿ ಹಾಕಿ, ಹಾಳೆಯನ್ನು ಅವಳ ಕೈಗಿತ್ತು, ಪೆನ್ನಿನ ಮುಚ್ಚಳ ಹಾಕಿದರು. ಮೊಣಕಾಲಿಗೆ ಕೈಯೂರಿ ಏಳಲು ಹೊರಟರು.

"ಕೂಡ್ರಿ ಸಾಹೇಬ್ರ" ಎಂದಳು ಮಾಬೂಬಿ. "ಇನ್ನ ಇಬ್ಬರು ಸತ್ತಾರ. ಅವರ ಹೆಂಡಂದಿರಿಗೆ ಮನಿ ಬಿಟ್ಟು ಬರಾಕ ಆಗಿಲ್ಲ. ಅವರ ಹೆಸರು ನಾ ಹೇಳತೀನಿ. ಬರೀರಿ."

ಅವರು ಕೂತರು. ಹಾಜರಿ ಪುಸ್ತಕದಿಂದ ಇನ್ನೆರಡು ಹಾಳೆ ಹರಿದು, ಪೆನ್ನಿನ ಮುಚ್ಚಳ ತೆಗೆದರು.